ಒಬ್ಬನೇ ಹಾಡುಗಾರ, ಒಬ್ಬನೇ ಕಂಪನಿ

ರಾಮದುರ್ಗ ತಾಲ್ಲೂಕಿನ ಸಾಲಹಳ್ಳಿಯಂಥ ಊರಲ್ಲಿ ಒಬ್ಬ ಹುಡುಗ ಇದಾನೆ ಅಂದುಕೊಳ್ಳಿ. ಹಾಡು ಕಟ್ಟೋದು ಗೊತ್ತು. ಹಾರ್ಮೋನಿಯಂ ನುಡಿಸ್ತಾನೆ, ಡೋಲಕ್ ಬಾರಿಸ್ತಾನೆ. ಗುಡಿಯ ಭಜನೆಯಲ್ಲಿ ಧ್ವನಿ ಎತ್ತಿದರೆ ಇಡೀ ಓಣಿ ಸುಮ್ಮನೆ ಕೂತು ಕೇಳುತ್ತೆ. ಇಪ್ಪತ್ತೈದು ವರ್ಷದ ಹಿಂದೆ ಇಂಥ ಹುಡುಗನಿಗೆ ಇದ್ದದ್ದು ಎರಡೇ ದಾರಿ. ಒಂದು, ಬಸ್ ಹತ್ತಿ ಬೆಂಗಳೂರಿಗೆ ಹೋಗಿ ಗಾಂಧಿನಗರದ ಬಾಗಿಲು ತಟ್ಟೋದು. ಇನ್ನೊಂದು, ಕ್ಯಾಸೆಟ್ ಕಂಪನಿಯವರು ಕೊಟ್ಟಷ್ಟು ಇಸ್ಕೊಂಡು, ತೋರಿಸಿದ ಕಡೆ ಸಹಿ ಹಾಕಿ, ಹಾಡಿ ಬರೋದು. ಎರಡೂ ಆಗಲಿಲ್ಲ ಅಂದರೆ ಹಾಡು ಗುಡಿ ಕಟ್ಟೆಯಲ್ಲೇ ಉಳೀತಿತ್ತು.

ಇವತ್ತು ಮೂರನೇ ದಾರಿ ಇದೆ. ಬರೆಯೋನೂ ಅವನೇ, ರಾಗ ಹಾಕೋನೂ ಅವನೇ, ನುಡಿಸೋನು, ಹಾಡೋನು, ರೆಕಾರ್ಡ್ ಮಾಡೋನು, ಜನರಿಗೆ ಮುಟ್ಟಿಸೋನು, ಎಲ್ಲಾ ಅವನೇ. ಇಂಥವರನ್ನ ಜಗತ್ತು 'ಇಂಡಿ' ಕಲಾವಿದರು ಅಂತ ಕರೆಯುತ್ತೆ. ಇಂಡಿಪೆಂಡೆಂಟ್, ಅಂದರೆ ಸ್ವತಂತ್ರ. ಯಾರಿಂದ ಸ್ವತಂತ್ರ? ಸಿನಿಮಾದಿಂದ, ದೊಡ್ಡ ಆಡಿಯೋ ಕಂಪನಿಯಿಂದ. ಆದರೆ ಈ ಸ್ವಾತಂತ್ರ್ಯ ಎಷ್ಟು ನಿಜ, ಅದರ ಬೆಲೆ ಎಷ್ಟು? ಇವತ್ತು ನಾವು ನೋಡಬೇಕಾದ್ದು ಅದನ್ನೇ.

ಮೊದಲು ಒಂದು ಮಾತು. ಇದು ಅಮೆರಿಕದಿಂದ ಇಳಿದು ಬಂದ ಹೊಸ ಸಂಗತಿ ಅಲ್ಲ. ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋದವರಿಗೆ ಗೊತ್ತು. ಚೌಡಕಿ ಹಿಡಿದ ಜೋಗತಿ ಕೈಯಲ್ಲಿ ತಂತಿಯೂ ಉಂಟು, ತಾಳವೂ ಉಂಟು, ಬಾಯಲ್ಲಿ ಹಾಡು ಉಂಟು. ತತ್ವಪದ ಹಾಡೋರನ್ನ ನೋಡಿ: ಒಂದು ಕೈಯಲ್ಲಿ ಏಕತಾರಿ, ಇನ್ನೊಂದು ಕೈಯಲ್ಲಿ ಚಿಟಕಿ, ಕಾಲಲ್ಲಿ ಗೆಜ್ಜೆ. ಒಬ್ಬನೇ ಮನುಷ್ಯ, ಪೂರ್ತಿ ಮೇಳ. ಶಿಗ್ಗಾವಿ ತಾಲ್ಲೂಕಿನ ಶಿಶುನಾಳದಲ್ಲಿ 1819ರಲ್ಲಿ ಹುಟ್ಟಿದ ಷರೀಫರಿಗೆ ಯಾವ ಕಂಪನಿ ಇತ್ತು? ಗುರು ಗೋವಿಂದಭಟ್ಟರ ಕೃಪೆ ಒಂದು, ಕಣ್ಣಿಗೆ ಬಿದ್ದದ್ದನ್ನೆಲ್ಲ ಪದ ಮಾಡೋ ಶಕ್ತಿ ಇನ್ನೊಂದು. ಜನರ ಬಾಯಿಯೇ ಅವರ ವಿತರಣೆ.

ಹಾಗಾದರೆ ಬದಲಾದದ್ದು ಏನು? ಯಂತ್ರ. ಅದು ಹೆಂಗೆ ಕೆಲಸ ಮಾಡುತ್ತೆ ಅನ್ನೋದನ್ನ ಸರಳವಾಗಿ ಹೇಳ್ತೀನಿ.

ನವಿಲುತೀರ್ಥ ಡ್ಯಾಮಿನಲ್ಲಿ ಮಲಪ್ರಭೆಯ ನೀರಿನ ಮಟ್ಟ ಅಳೀತಾರಲ್ಲ, ಹಂಗೇ ಇದು. ದಿನಕ್ಕೊಂದು ಸಲ ಅಳೆದರೆ ನೀರು ಏರಿಳಿದದ್ದು ಒರಟಾಗಿ ಗೊತ್ತಾಗುತ್ತೆ. ನಿಮಿಷಕ್ಕೊಂದು ಸಲ ಅಳೆದರೆ ಪೂರ್ತಿ ಚಿತ್ರವನ್ನೇ ಬಿಡಿಸಬಹುದು. ಧ್ವನಿಯೂ ಏರಿಳಿಯೋ ಅಲೆಯೇ. ಮೈಕಿನ ಒಳಗಿನ ತೆಳು ಪೊರೆ ನಡುಗುತ್ತೆ, ಆ ನಡುಕ ವಿದ್ಯುತ್ ಆಗುತ್ತೆ, ಆಡಿಯೋ ಇಂಟರ್‌ಫೇಸ್ ಅನ್ನೋ ಪುಟ್ಟ ಪೆಟ್ಟಿಗೆ ಅದನ್ನ ಸೆಕೆಂಡಿಗೆ 44,100 ಸಲ ಅಳೆದು ಅಂಕಿ ಮಾಡುತ್ತೆ. ಯಾಕೆ ಅಷ್ಟು? ಮನುಷ್ಯನ ಕಿವಿ ಹೆಚ್ಚೆಂದರೆ ಸೆಕೆಂಡಿಗೆ 20,000 ಕಂಪನದವರೆಗೆ ಕೇಳಬಲ್ಲದು. ಅದನ್ನ ಪೂರ್ತಿ ಹಿಡೀಬೇಕು ಅಂದರೆ ಅದರ ಎರಡು ಪಟ್ಟಿಗಿಂತ ಹೆಚ್ಚು ಸಲ ಅಳೀಬೇಕು. ಲೆಕ್ಕ ಇಷ್ಟೇ.

ಅಂಕಿ ಆದ ಮೇಲೆ ಧ್ವನಿಯನ್ನ ಕತ್ತರಿಸಬಹುದು, ಅಂಟಿಸಬಹುದು, ಒಂದರ ಮೇಲೊಂದು ಪೇರಿಸಬಹುದು. ಮೊದಲು ಡೋಲಕ್. ಅದನ್ನ ಕಿವಿಯಲ್ಲಿ ಕೇಳ್ತಾ ಹಾರ್ಮೋನಿಯಂ. ಎರಡನ್ನೂ ಕೇಳ್ತಾ ಗಿಟಾರು. ಕೊನೆಗೆ ಧ್ವನಿ. ನಾಲ್ಕು ಸಲ ನುಡಿಸಿದವನು ಒಬ್ಬನೇ, ಕೇಳೋರಿಗೆ ನಾಲ್ವರು. 1967ರಲ್ಲಿ ಬೀಟಲ್ಸ್ ತಂಡ ತನ್ನ ಹೆಸರಾಂತ 'ಸಾರ್ಜೆಂಟ್ ಪೆಪ್ಪರ್ಸ್' ಆಲ್ಬಂ ಮಾಡಿದ್ದು ನಾಲ್ಕೇ ಟ್ರ್ಯಾಕಿನ ಯಂತ್ರಗಳಲ್ಲಿ. ಇವತ್ತು ಸಾಧಾರಣ ಲ್ಯಾಪ್‌ಟಾಪಿನಲ್ಲಿ ಅದರ ಹತ್ತಾರು ಪಟ್ಟು ಟ್ರ್ಯಾಕು ಓಡುತ್ತೆ. ಲ್ಯಾಪ್‌ಟಾಪ್ ಇದ್ದರೆ ಮೈಕು, ಇಂಟರ್‌ಫೇಸು, ಹೆಡ್‌ಫೋನು ಎಲ್ಲಾ ಸೇರಿ ಒಂದು ಹಳೇ ಬೈಕಿನ ದುಡ್ಡಿಗೆ ಬರುತ್ತೆ. ಗೋಡೆಗೆ ಕೌದಿ ಇಳಿಬಿಟ್ಟರೆ ಪ್ರತಿಧ್ವನಿಯೂ ಅಡಗುತ್ತೆ.

ಹೀಗೆ ಒಬ್ಬರೇ ಎಲ್ಲಾ ಮಾಡಿದ ದೊಡ್ಡ ಉದಾಹರಣೆಗಳು ಹೊರಗೆ ಬೇಕಾದಷ್ಟಿವೆ. 1978ರಲ್ಲಿ ಪ್ರಿನ್ಸ್ ಅನ್ನೋ ಹತ್ತೊಂಬತ್ತರ ಹುಡುಗ ತನ್ನ ಮೊದಲ ಆಲ್ಬಮಿನ ವಾದ್ಯಗಳನ್ನೆಲ್ಲ ತಾನೇ ನುಡಿಸಿದ. ಲಂಡನ್ನಿನ ಜೇಕಬ್ ಕಾಲಿಯರ್ 2016ರಲ್ಲಿ ತನ್ನ ಮನೆಯ ಕೋಣೆಯಲ್ಲೇ ಒಂದು ಆಲ್ಬಂ ಮಾಡಿದರು, ಮರು ವರ್ಷ ಅದಕ್ಕೆ ಎರಡು ಗ್ರ್ಯಾಮಿ ಬಂತು. ಆದರೆ ಅವರ ಕಥೆ ಅವರಿಗೆ. ನಮ್ಮವರ ಕಥೆ ಏನು?

ನಮ್ಮವರಲ್ಲಿ ಈ ದಾರಿ ತುಳಿದು ತೋರಿಸಿದವರ ಸಾಲಿನಲ್ಲಿ ಮೊದಲಿಗೆ ನಿಲ್ಲೋ ಹೆಸರು ರಘು ದೀಕ್ಷಿತ್. 1974ರಲ್ಲಿ ನಾಸಿಕದಲ್ಲಿ ಹುಟ್ಟಿ ಮೈಸೂರಿನಲ್ಲಿ ಬೆಳೆದವರು. ಓದಿದ್ದು ಮೈಕ್ರೋಬಯಾಲಜಿ, ಅದೂ ಚಿನ್ನದ ಪದಕ ಪಡೆದ ವಿದ್ಯಾರ್ಥಿ. ಕಲಿತದ್ದು ಭರತನಾಟ್ಯ. ಗೆಳೆಯನೊಬ್ಬ ಕೆಣಕಿದ ಹಟಕ್ಕೆ ಗಿಟಾರ್ ಹಿಡಿದೆ ಅಂತ ಅವರೇ ಹೇಳಿಕೊಂಡಿದ್ದಾರೆ. ಬೆಲ್ಜಿಯಂನಲ್ಲಿ ನೌಕರಿ ಮಾಡಿದರು, ಬಿಟ್ಟರು. 'ಅಂತರಾಗ್ನಿ' ಅಂತ ತಂಡ ಕಟ್ಟಿದರು, ಅದು ಒಡೆಯಿತು. ಆಮೇಲೆ ಬಂದದ್ದು 'ರಘು ದೀಕ್ಷಿತ್ ಪ್ರಾಜೆಕ್ಟ್'. ಹೆಸರಲ್ಲೇ ಅರ್ಥ ಇದೆ: ಮಧ್ಯದಲ್ಲಿ ಒಬ್ಬ, ಸುತ್ತ ಬಂದು ಹೋಗೋ ಕಲಾವಿದರು.

ವರ್ಷಗಟ್ಟಲೆ ಆಡಿಯೋ ಕಂಪನಿಗಳ ಬಾಗಿಲು ಅವರಿಗೆ ತೆರೆಯಲಿಲ್ಲ. ಕಾರಣ ಊಹಿಸೋದು ಕಷ್ಟವಲ್ಲ. ಕನ್ನಡ ಇದೆ, ಹಿಂದಿ ಇದೆ, ಇಂಗ್ಲಿಷ್ ಇದೆ. ಸಿನಿಮಾ ಇಲ್ಲ, ಹೀರೋ ಇಲ್ಲ. ಇದನ್ನ ಯಾವ ಕಪಾಟಿನಲ್ಲಿ ಇಡೋದು? ಕಡೆಗೆ ಕೈ ಹಿಡಿದವರು ಮುಂಬೈನ ಸಂಗೀತ ನಿರ್ದೇಶಕರಾದ ವಿಶಾಲ್-ಶೇಖರ್. ಅವರ ಪುಟ್ಟ ಕಂಪನಿಯಿಂದ 2008ರಲ್ಲಿ ಮೊದಲ ಆಲ್ಬಂ ಬಂತು. ಅದೇ ವರ್ಷ 'ಸೈಕೋ' ಸಿನಿಮಾದ ಹಾಡುಗಳಿಂದ ಕರ್ನಾಟಕದ ಮನೆ ಮನೆಗೂ ಆ ಧ್ವನಿ ಹೋಯಿತು. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮ, ಅದರ ಬೆನ್ನಿಗೇ ಬ್ರಿಟನ್ನಿನ ಐಟ್ಯೂನ್ಸ್ ವಿಶ್ವಸಂಗೀತ ಪಟ್ಟಿಯಲ್ಲಿ ಮೊದಲ ಸ್ಥಾನ. 2011ರಲ್ಲಿ 'ಸಾಂಗ್‌ಲೈನ್ಸ್' ಪತ್ರಿಕೆಯ ಉತ್ತಮ ಹೊಸ ಕಲಾವಿದ ಪ್ರಶಸ್ತಿ, ಗ್ಲಾಸ್ಟನ್‌ಬರಿ ಉತ್ಸವದ ವೇದಿಕೆ. ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ನಿಂತ ಈ ಮನುಷ್ಯ ಹೊರದೇಶಕ್ಕೆ ಹೊತ್ತೊಯ್ದ ಬುತ್ತಿಯಲ್ಲಿ ಇದ್ದದ್ದು ಯಾರ ಪದ? ನಮ್ಮ ಶಿಶುನಾಳ ಷರೀಫರದ್ದು.

ಇಲ್ಲಿ ಗಮನಿಸಬೇಕಾದ್ದು ಏನು ಗೊತ್ತಾ? ಎರಡನೇ ಆಲ್ಬಂ ಬಂದದ್ದು 2013ರಲ್ಲಿ, ಐದು ವರ್ಷ ಬಿಟ್ಟು. ನಡುವೆ ಊರೂರು ಸುತ್ತಿ ಕಛೇರಿ, ಜೊತೆಗೆ ಸಿನಿಮಾ ಸಂಗೀತ. 'ಜಸ್ಟ್ ಮಾತ್ ಮಾತಲ್ಲಿ', ಆಮೇಲೆ 'ಲವ್ ಮಾಕ್‌ಟೇಲ್', 'ಆರ್ಕೆಸ್ಟ್ರಾ ಮೈಸೂರು'. ಅಂದರೆ ಸ್ವತಂತ್ರ ಕಲಾವಿದನ ಒಲೆ ಉರಿಯೋದು ಆಲ್ಬಮಿನಿಂದ ಅಲ್ಲ. ವೇದಿಕೆಯಿಂದ ಉರಿಯುತ್ತೆ, ಪಕ್ಕದ ಕೆಲಸದಿಂದ ಉರಿಯುತ್ತೆ. ಆಲ್ಬಂ ಅನ್ನೋದು ವಿಳಾಸ ಚೀಟಿ. ಮೈಸೂರಿನವರೇ ಆದ ವಾಸು ದೀಕ್ಷಿತ್ ಅವರ 'ಸ್ವರಾತ್ಮ' ತಂಡವೂ ಹೆಸರು ಮಾಡಿದ್ದು ಜನರೆದುರು ನಿಂತು ಹಾಡಿಯೇ.

ಇನ್ನು ನಮ್ಮ ಬೆಳಗಾವಿ ಕಡೆ ಬನ್ನಿ. ಇಲ್ಲಿ ಇನ್ನೊಂದು ದೊಡ್ಡ ಅಲೆ ಎದ್ದಿದೆ, ಬೆಂಗಳೂರು ಅದನ್ನ ತಡವಾಗಿ ನೋಡಿತು. ರಾಯಬಾಗ ತಾಲ್ಲೂಕಿನ ನಿಪನಾಳದ ಮಾಳು ಅವರ ಹಾಡು ಟ್ರ್ಯಾಕ್ಟರಿನಿಂದ ಹಿಡಿದು ಮದುವೆ ಡಿಜೆವರೆಗೆ ಮೊಳಗಿತು, ಅವರನ್ನ ಬಿಗ್ ಬಾಸ್ ಮನೆಯವರೆಗೂ ಕರಕೊಂಡು ಹೋಯಿತು. ಜಾನಪದ ಹಾಡು ಅಂತ ಹೆಸರು, ಕಟ್ಟೋರು ಇವತ್ತಿನ ಹುಡುಗರು. ಇವರನ್ನ ಇಂಡಿ ಕಲಾವಿದರು ಅಂತ ಯಾರೂ ಕರೆಯಲ್ಲ. ಯಾಕೆ ಕರೆಯಬಾರದು? ಗಿಟಾರ್ ಇದ್ದರೆ ಇಂಡಿ, ಹಲಗೆ ಇದ್ದರೆ ಅಲ್ಲ ಅನ್ನೋ ನ್ಯಾಯ ಯಾವುದು?

ಈಗ ನಿಜವಾದ ಪ್ರಶ್ನೆಗೆ ಬರೋಣ. ಹಾಡು ಕೋಟಿ ಜನ ಕೇಳಿದರು. ದುಡ್ಡು ಯಾರಿಗೆ ಹೋಯಿತು?

ಕಾನೂನಿನ ಪ್ರಕಾರ ಒಂದು ಹಾಡಲ್ಲಿ ಒಂದೇ ಆಸ್ತಿ ಇಲ್ಲ. ಸಾಹಿತ್ಯ ಬರೆದವನದ್ದು ಒಂದು ಹಕ್ಕು, ರಾಗ ಸಂಯೋಜಿಸಿದವನದ್ದು ಇನ್ನೊಂದು, ಧ್ವನಿಮುದ್ರಣದ್ದು ಮೂರನೆಯದ್ದು. ಧ್ವನಿಮುದ್ರಣದ ಮೊದಲ ಮಾಲೀಕ ಸಾಮಾನ್ಯವಾಗಿ ಹಾಡಿದವನಲ್ಲ. ಅದನ್ನ ಮಾಡಿಸೋಕೆ ಮುಂದಾಗಿ ಜವಾಬ್ದಾರಿ ಹೊತ್ತ ನಿರ್ಮಾಪಕ. ತಾನೇ ರೆಕಾರ್ಡ್ ಮಾಡಿಕೊಳ್ಳೋ ಕಲಾವಿದನ ಬಲ ಇರೋದು ಇಲ್ಲೇ. ಮೂರೂ ಹಕ್ಕು ಒಂದೇ ಮನೆಯಲ್ಲಿ ಉಳಿಯುತ್ತವೆ.

ಷರೀಫರ ಉದಾಹರಣೆಯನ್ನೇ ತಗೊಳ್ಳಿ. ಅವರು ತೀರಿಕೊಂಡದ್ದು 1889ರಲ್ಲಿ. ಅವರ ಪದಗಳು ಇವತ್ತು ಎಲ್ಲರ ಸ್ವತ್ತು, ಯಾರು ಬೇಕಾದರೂ ಹಾಡಬಹುದು. ಆದರೆ ಅದೇ ಪದಕ್ಕೆ ಸಿ. ಅಶ್ವತ್ಥ್ ಹಾಕಿದ ಹೊಸ ಧಾಟಿ? ಅಶ್ವತ್ಥ್ ನಿಧನರಾದದ್ದು 2009ರ ಡಿಸೆಂಬರಿನಲ್ಲಿ. ಸಂಗೀತ ಕೃತಿಯ ಹಕ್ಕು ಕರ್ತೃವಿನ ನಂತರ 60 ವರ್ಷ ಇರುತ್ತೆ. ಅಂದರೆ 2069ರ ಕೊನೆಯವರೆಗೆ. ಪದ ಊರಿನದ್ದು, ಧಾಟಿ ಒಬ್ಬರದ್ದು. ಈ ವ್ಯತ್ಯಾಸ ಗೊತ್ತಿಲ್ಲದೆ ಹಾಡಿ, ಅಪ್‌ಲೋಡ್ ಮಾಡಿದ ಮೇಲೆ ನೋಟಿಸ್ ಬಂತು ಅಂತ ಹೌಹಾರಿದರೆ ಪ್ರಯೋಜನ ಇಲ್ಲ.

1977ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಒಂದು ತೀರ್ಪಿನಿಂದ, ದುಡ್ಡು ಕೊಟ್ಟು ಹಾಡು ಮಾಡಿಸಿದ ಸಿನಿಮಾ ನಿರ್ಮಾಪಕನೇ ಅದರ ಮಾಲೀಕ ಅನ್ನೋ ಸ್ಥಿತಿ ಬಂದಿತ್ತು. 2012ರಲ್ಲಿ ಕಾಯ್ದೆಗೆ ತಿದ್ದುಪಡಿ ಆಯಿತು. ರಾಜ್ಯಸಭೆಯಲ್ಲಿದ್ದ ಕವಿ ಜಾವೇದ್ ಅಖ್ತರ್ ಅದಕ್ಕಾಗಿ ಗಟ್ಟಿಯಾಗಿ ನಿಂತರು. ಈಗ ಹಕ್ಕನ್ನ ಬರೆದುಕೊಟ್ಟರೂ ರಾಯಲ್ಟಿಯಲ್ಲಿ ಸಾಹಿತಿಗೆ, ಸಂಗೀತ ಸಂಯೋಜಕನಿಗೆ ಸಮಪಾಲು ಸಿಗಲೇಬೇಕು. ಆ ಪಾಲನ್ನ ಕಂಪನಿಗೆ ಬಿಟ್ಟುಕೊಡ್ತೀನಿ ಅಂತ ಸಹಿ ಹಾಕಿದರೂ ಅದು ನಡೆಯಲ್ಲ. ಆ ದುಡ್ಡು ವಸೂಲಿ ಮಾಡಿ ಹಂಚೋಕೆ ಐಪಿಆರ್‌ಎಸ್ ಅನ್ನೋ ಸಂಸ್ಥೆ 1969ರಿಂದ ಇದೆ. ಆದರೆ ಸದಸ್ಯನಾಗದವನ ಮನೆಗೆ ಅದು ಹುಡುಕಿಕೊಂಡು ಬರಲ್ಲ.

ಹಾಗಾದರೆ ನಮ್ಮ ಸಾಲಹಳ್ಳಿ ಹುಡುಗ ಏನು ಮಾಡಬೇಕು? ನಾಲ್ಕು ಮಾತು.

ಒಂದು, ಪ್ರತಿ ಧ್ವನಿಮುದ್ರಣಕ್ಕೆ ಐಎಸ್‌ಆರ್‌ಸಿ ಅನ್ನೋ 12 ಅಕ್ಷರ-ಅಂಕಿಗಳ ಗುರುತು ಸಿಗುತ್ತೆ. ನಮಗೆ ಆಧಾರ್ ಇದ್ದಂಗೆ. ಅದು ನಿನ್ನ ಹೆಸರಲ್ಲೇ ಇದೆಯಾ ನೋಡಿಕೊ.

ಎರಡು, ಹಕ್ಕು ಬರೆದುಕೊಡೋ ಕಾಗದದಲ್ಲಿ ಎಷ್ಟು ವರ್ಷ ಅನ್ನೋದು ಇದೆಯಾ ಓದು. ಅವಧಿ ಬರೆದಿಲ್ಲ ಅಂದರೆ ಕಾನೂನು ಅದನ್ನ ಐದೇ ವರ್ಷ ಅಂತ ತಿಳಿಯುತ್ತೆ. 'ಶಾಶ್ವತವಾಗಿ' ಅಂತ ಬರೆದಿದ್ದರೆ? ಪೆನ್ನು ಕೆಳಗಿಡು, ತಿಳಿದವರನ್ನ ಕೇಳು.

ಮೂರು, ಯೂಟ್ಯೂಬ್ ಜಾಹೀರಾತಿನ ದುಡ್ಡು ಶುರುವಾಗೋಕೇ 1,000 ಚಂದಾದಾರರು, ಒಂದು ವರ್ಷದಲ್ಲಿ 4,000 ಗಂಟೆ ವೀಕ್ಷಣೆ ಬೇಕು. ಆ ತಾಳ್ಮೆ ಇಲ್ಲದೆ ಬೇರೆಯವರ ಚಾನೆಲ್ಲಿಗೆ ಹಾಡು ಕೊಟ್ಟರೆ ಜನಪ್ರಿಯತೆ ನಿನ್ನದು, ಖಾತೆ ಅವರದ್ದು.

ನಾಲ್ಕು, ಎಲ್ಲಾ ನಾನೇ ಅನ್ನೋದರಲ್ಲಿ ಒಂದು ಅಪಾಯ ಇದೆ. 'ಇದು ಚೆನ್ನಾಗಿಲ್ಲ' ಅಂತ ಹೇಳೋರು ಕೋಣೆಯಲ್ಲಿ ಯಾರೂ ಇರಲ್ಲ. ಮೇಳದಲ್ಲಿ ತಾಳ ತಪ್ಪಿದರೆ ಪಕ್ಕದವನು ಗದರ್ತಾನೆ, ಲ್ಯಾಪ್‌ಟಾಪ್ ಗದರಲ್ಲ. ಅಪ್‌ಲೋಡ್ ಮಾಡೋ ಮುಂಚೆ ಕಟ್ಟೆ ಮೇಲೆ ಕೂತ ಹಿರಿಯರಿಗೆ ಒಂದು ಸಲ ಕೇಳಿಸು. ಅವರಿಗಿಂತ ದೊಡ್ಡ ವಿಮರ್ಶಕರು ಬೆಂಗಳೂರಲ್ಲೂ ಸಿಗಲ್ಲ.

ಯಂತ್ರ ಅಗ್ಗ ಆಯಿತು, ದಾರಿ ತೆರೆಯಿತು. ಇದು ಸಣ್ಣ ಮಾತಲ್ಲ. ಆದರೆ ದಾರಿ ತೆರೆದದ್ದು ಹಾಡುಗಾರನಿಗೆ ಮಾತ್ರ ಅಲ್ಲ, ಅವನ ಹಾಡನ್ನ ಹೊತ್ತುಕೊಂಡು ಹೋಗೋರಿಗೂ ತೆರೆದಿದೆ. ಹೊಲದ ಉತಾರ ಯಾರ ಹೆಸರಲ್ಲಿದೆ ಅಂತ ವರ್ಷಕ್ಕೊಮ್ಮೆಯಾದರೂ ತೆಗೆಸಿ ನೋಡೋ ಜನ ನಾವು. ಇನ್ನು ಮೇಲೆ ಹಾಡಿನ ಉತಾರವನ್ನೂ ನೋಡೋದು ಕಲೀಬೇಕು.