ಮನಸ್ಸಿನ ಬೇನೆಗೂ ಲಕ್ಷಣ ಉಂಟು

ಶೇಂಗಾ ಎಲೆಯ ಮೇಲೆ ಕರಿಚುಕ್ಕೆ ಬಿದ್ದರೆ ಅದು ತಿಕ್ಕಾ ರೋಗವೆಂದು ನಮ್ಮ ರೈತನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಎತ್ತು ಮೆಲುಕು ಹಾಕದಿದ್ದರೆ ಮನೆಯ ಹೆಂಗಸರೇ ಮೊದಲು ಗುರುತಿಸುತ್ತಾರೆ. ಆದರೆ ಯಜಮಾನ ಊಟ ಬಿಟ್ಟು, ಮಾತು ಬಿಟ್ಟು ಮೂಲೆ ಹಿಡಿದರೆ ಮಾತ್ರ ಸೋಮಾರಿಯಾದನೆನ್ನುತ್ತೇವೆ. ಇಲ್ಲವೆ ಗಾಳಿ ಸೋಕಿತೆಂದು ತಾಯಿತ ಕಟ್ಟಿಸಲು ಓಡುತ್ತೇವೆ. ಬೇಸಾಯದ ಪುಟದಲ್ಲಿ ಈ ಮಾತೇಕೆಂದು ಕೇಳುವಿರಾ? ಬೆಳೆಗೆಂದು ತಂದ ಕೀಟನಾಶಕದ ಡಬ್ಬಿ ಅದೇ ಮನೆಯಲ್ಲಿರುತ್ತದೆ, ಅದಕ್ಕೆ.

ಈ ಬೇನೆಗೆ ಖಿನ್ನತೆಯೆಂದು ಹೆಸರು. ಮಳೆ ಕೈಕೊಟ್ಟಾಗ, ಸಾಲ ಬೆಳೆದಾಗ ಬೇಜಾರು ಯಾರಿಗೂ ತಪ್ಪಿದ್ದಲ್ಲ. ಆ ಬೇಜಾರು ಎರಡು ವಾರ ಕಳೆದರೂ ದಿನವಿಡೀ ಬಿಡದಿದ್ದರೆ, ಮೊದಲು ಹಿತವಾಗಿದ್ದ ಹೊಲ, ಹಬ್ಬ, ಮೊಮ್ಮಕ್ಕಳು ಯಾವುದೂ ಬೇಡವಾದರೆ, ಅದು ಬೇನೆಯೇ ಇರಬಹುದು. ನಸುಕಿಗೆ ಬಹಳ ಮುಂಚೆ ಎಚ್ಚರವಾಗಿ ಮತ್ತೆ ನಿದ್ದೆ ಹತ್ತದು. ಅನ್ನ ರುಚಿಸದು. 'ನಾನು ಯಾರಿಗೂ ಬೇಡದವನು' ಎಂಬ ಮಾತು ಬಾಯಿಗೆ ಬರುತ್ತದೆ. ನಮ್ಮವರು ಮನಸ್ಸು ಕೆಟ್ಟಿದೆಯೆಂದು ಹೇಳುವುದು ಕಡಿಮೆ. ಮೈಕೈ ನೋವು, ತಲೆಭಾರ ಎಂದು ತಿಂಗಳುಗಟ್ಟಲೆ ಸೂಜಿ ಹಾಕಿಸಿಕೊಳ್ಳುತ್ತಾರೆ. ಇಂಥವರನ್ನು ಹತ್ತಿರ ಕೂರಿಸಿಕೊಂಡು 'ಸಾಯುವ ಯೋಚನೆ ಬರುತ್ತದೆಯೇನಪ್ಪಾ?' ಎಂದು ನೇರವಾಗಿ ಕೇಳಬೇಕು. ಕೇಳಿದರೆ ಇಲ್ಲದ ಯೋಚನೆ ಹುಟ್ಟುವುದೆಂಬ ಭಯ ಬೇಡ. ಎಷ್ಟೋ ಸಲ ಎದೆಯ ಭಾರ ಇಳಿಯುವುದೇ ಆಗ. ಖಿನ್ನತೆಗೆ ಔಷಧವಿದೆ. ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕಾಗುವುದರಿಂದ, ನಾಲ್ಕು ದಿನ ನುಂಗಿ ಬಿಟ್ಟುಬಿಡಬಾರದು.

ಬೇರೆ ಬೇನೆಗಳ ಗುರುತು ಬೇರೆ. ಎದೆ ಡವಗುಟ್ಟಿ, ಬೆವರಿ, ಉಸಿರು ಕಟ್ಟಿದಂತಾಗಿ, ಹೃದಯ ಪರೀಕ್ಷೆಯಲ್ಲಿ ಏನೂ ಕಾಣದಿದ್ದರೆ ಅದು ಆತಂಕದ ಬೇನೆಯಾಗಿರಬಹುದು. ಎಳೆಯ ಪ್ರಾಯದವರು ಯಾರೂ ಇಲ್ಲದಾಗ ದನಿ ಕೇಳಿತೆನ್ನುವುದು, ಅನ್ನದಲ್ಲಿ ವಿಷ ಹಾಕಿದ್ದಾರೆಂದು ತಾಯಿಯನ್ನೇ ಶಂಕಿಸುವುದು ಚಿತ್ತವಿಕಲತೆಯ ಲಕ್ಷಣ. ಮದುವೆ ಮಾಡಿದರೆ ಸರಿಹೋಗುವುದೆಂಬುದು ಶುದ್ಧ ತಪ್ಪು; ಮನೆಗೆ ಬಂದ ಹೆಣ್ಣಿನ ಬಾಳೂ ಹಾಳು. ನಿದ್ದೆಯಿಲ್ಲದೆಯೂ ದಣಿಯದೆ, ಮಿತಿಮೀರಿ ಮಾತಾಡುತ್ತ, ಎತ್ತು ಮಾರಿ ದುಡ್ಡು ಚೆಲ್ಲುವುದು ಉನ್ಮಾದ. ಹೆರಿಗೆಯಾದ ಕೆಲವೇ ದಿನಗಳಲ್ಲಿ ಬುದ್ಧಿ ಕದಡುವ ಬಾಣಂತಿ ಸನ್ನಿಗೆ ಒಂದು ದಿನವೂ ತಡಮಾಡಬಾರದು, ಮಗುವಿಗೂ ಅಪಾಯ. ಬಹಳ ಕಾಲ ಕುಡಿದವನು ಒಮ್ಮೆಲೇ ನಿಲ್ಲಿಸಿದಾಗ ನಡುಕ, ಫಿಟ್ಸು, ಭ್ರಾಂತಿ ಬರಬಹುದು. ಬಿಡುವುದು ಒಳ್ಳೆಯದೇ, ವೈದ್ಯರ ಕಣ್ಣಳತೆಯಲ್ಲಿ ಬಿಡಲಿ.

ಇದೆಲ್ಲ ದೊಡ್ಡ ಪಟ್ಟಣದ ವೈದ್ಯವೆಂದು ಕೈಚೆಲ್ಲಬೇಕಾಗಿಲ್ಲ. ರಾಯದುರ್ಗ, ಆದವಾನಿಯವರಿಗೆ ನೆರೆಯದಾದ ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದಲ್ಲೇ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿಯಿತ್ತು, ಹಳ್ಳಿಯಲ್ಲೇ ಮನೋವೈದ್ಯ ಸಾಧ್ಯವೆಂದು ತೋರಿಸಿತು. 1996ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಇದಕ್ಕೆ ವಿರುದ್ಧವಾದುದು ತಮಿಳುನಾಡಿನ ಎರವಾಡಿಯ ಕಥೆ: 2001ರ ಆಗಸ್ಟ್ 6ರಂದು ಚಪ್ಪರಕ್ಕೆ ಬೆಂಕಿ ಬಿದ್ದಾಗ, ಸರಪಳಿಯಲ್ಲಿದ್ದ 28 ರೋಗಿಗಳು ಓಡಲಾರದೆ ಸುಟ್ಟುಹೋದರು. ಸರಪಳಿ ಹಾಕುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ.

ಗಡಿಯಾಚೆಯ ನಮಗೆ ಇನ್ನೊಂದು ಕಷ್ಟವುಂಟು. ಕಾಲು ಮುರಿದರೆ ಬೆರಳು ತೋರಿಸಿದರೂ ಸಾಕು. ಮನಸ್ಸಿನ ನೋವನ್ನು ಮಾತಿನಲ್ಲೇ ಹೇಳಬೇಕು. ಮರಾಠಿಯಲ್ಲೋ ತೆಲುಗಿನಲ್ಲೋ ತಡವರಿಸುವವರೊಡನೆ ಎರಡು ಭಾಷೆ ಬಲ್ಲವರೊಬ್ಬರು ಆಸ್ಪತ್ರೆಗೆ ಹೋಗಲಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ ಸಂಖ್ಯೆ 14416. ಹಗಲಿರುಳೂ ಉಚಿತ, ಭಾಷೆಯ ಆಯ್ಕೆಯಲ್ಲಿ ಕನ್ನಡವೂ ಇದೆ.

ಕೀಟನಾಶಕವನ್ನು ಮನೆಯಲ್ಲಿಡದೆ ಬೇರೆಡೆ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ. ಮನೆಯಲ್ಲಿ ಮಂಕಾದವರಿದ್ದರೆ ಬೀಗದ ಕೈ ಅವರಿಗೆ ಸಿಗದಿರಲಿ. ಯಾರಾದರೂ ಕುಡಿದೇಬಿಟ್ಟರೆ ವಾಂತಿ ಮಾಡಿಸಲು ಹೋಗದೆ, ಡಬ್ಬಿಯನ್ನೂ ಜತೆಗೆ ಹಿಡಿದುಕೊಂಡು ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಪೊಲೀಸ್ ಕೇಸಿನ ಭಯದಿಂದ ಹೊತ್ತು ಕಳೆಯಬೇಡಿ. ಸಾಯಲೆತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಿ ಆರೈಕೆ ಮಾಡಬೇಕೆಂದು ಅದೇ 2017ರ ಕಾಯ್ದೆ ಹೇಳುತ್ತದೆ.