ನಾಣ್ಯವನ್ನು ಕಾಯುವವರು ಯಾರು?
ಸಣ್ಣ ಕ್ರಿಪ್ಟೊ ನಾಣ್ಯವನ್ನು ಉಳಿಸುವುದು ಬೆಲೆಗಿಂತ ಹೆಚ್ಚಾಗಿ ಅದರ ಹಿಂದಿನ ದುಡಿಮೆ. ಬಿಲ್ಲಿ ಮಾರ್ಕಸ್ ಮತ್ತು ಜಾಕ್ಸನ್ ಪಾಮರ್ 2013ರಲ್ಲಿ ತಮಾಷೆಗೆಂದು ಹುಟ್ಟುಹಾಕಿದ ಡೋಜ್‌ಕಾಯಿನ್ ಇದಕ್ಕೆ ಸಾಕ್ಷಿ. ಕಂಪ್ಯೂಟರ್ ಓಡಿಸಿ ಹೊಸ ನಾಣ್ಯ ಗಳಿಸುವ ಮೈನರ್‌ಗಳೇ ಇದರ ಲೆಕ್ಕಪುಸ್ತಕಕ್ಕೂ ಕಾವಲು. ಗಳಿಕೆ ಇಳಿದರೆ ಅವರು ಬೇರೆಡೆ ಹೋಗುತ್ತಾರೆ; ಆಗ ಗಣನಶಕ್ತಿಯ ಅರ್ಧಕ್ಕಿಂತ ಹೆಚ್ಚು ಪಾಲು ಹಿಡಿದವರು ಒಮ್ಮೆ ಕೊಟ್ಟ ಹಣವನ್ನೇ ಮತ್ತೆ ಖರ್ಚು ಮಾಡಬಲ್ಲರು. 2020ರ ಆಗಸ್ಟ್‌ನಲ್ಲಿ ಇಥೀರಿಯಂ ಕ್ಲಾಸಿಕ್ ಎಂಬ ನಾಣ್ಯ ಇಂಥ ದಾಳಿಗೆ ಪದೇಪದೇ ತುತ್ತಾಯಿತು. ಈ ಅಪಾಯ ತಪ್ಪಿಸಲು ಡೋಜ್‌ಕಾಯಿನ್‌ನ ತಂತ್ರಜ್ಞರು 2014ರಲ್ಲೇ ತಂತ್ರಾಂಶ ತಿದ್ದಿ, ಲೈಟ್‌ಕಾಯಿನ್ ಎಂಬ ಇನ್ನೊಂದು ನಾಣ್ಯಕ್ಕಾಗಿ ನಡೆಯುವ ಗಣನೆಯೇ ತಮ್ಮ ನಾಣ್ಯವನ್ನೂ ಕಾಯುವಂತೆ ಮಾಡಿದ್ದರು.

ಕ್ರಿಪ್ಟೊ ಎಂದರೆ ಬರೀ ಜೂಜು ಎನ್ನುವವರ ಮಾತು ಬಹುಪಾಲು ನಾಣ್ಯಗಳ ಮಟ್ಟಿಗೆ ನಿಜವೇ. ಆದರೆ ಜೂಜುಕೋರರು ಹೆಚ್ಚಿದ್ದಾರೆಂದು ಈ ದುಡಿಮೆಯನ್ನು ತಳ್ಳಿಹಾಕುವುದು ಅನ್ಯಾಯ. ತೆರೆದಿಟ್ಟ ತಂತ್ರಾಂಶವನ್ನು ಯಾರು ತಿದ್ದುತ್ತಿದ್ದಾರೆ, ಗಣನಶಕ್ತಿ ಎಷ್ಟು ಕೈಗಳಲ್ಲಿ ಹಂಚಿದೆ ಎಂಬುದನ್ನು ಯಾರು ಬೇಕಾದರೂ ಪರಿಶೀಲಿಸಬಹುದು. ಬೆಲೆಪಟ್ಟಿಗಿಂತ ಮೊದಲು ನೋಡಬೇಕಾದದ್ದು ಅದನ್ನೇ.