ಹಳಿ ಮುಚ್ಚಿದಾಗ ಘಾಟಿ ಇಳಿದವರು

2025ರ ಜೂನ್ 1ರಿಂದ ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವಿನ ಘಾಟಿಯಲ್ಲಿ ಹಗಲಿನ ರೈಲುಗಳು ನಿಂತವು. ಹಳಿಯ ಮೇಲೆ ವಿದ್ಯುತ್ ತಂತಿ ಎಳೆಯುವ ಕೆಲಸಕ್ಕೆ ಹಗಲು ಹೊತ್ತು ಮಾರ್ಗ ಖಾಲಿ ಬೇಕಿತ್ತು. ಯಶವಂತಪುರದಿಂದ ಮಂಗಳೂರಿಗೂ ಕಾರವಾರಕ್ಕೂ ಹೋಗುತ್ತಿದ್ದ ಹಗಲು ಗಾಡಿಗಳು ರದ್ದಾಗಿ ರಾತ್ರಿಯವು ಮಾತ್ರ ಉಳಿದವು. ನವೆಂಬರ್ ಮೊದಲಿಗೆ ಮುಗಿಯಬೇಕಿದ್ದ ಕೆಲಸ ಡಿಸೆಂಬರ್‌ವರೆಗೂ ಎಳೆಯಿತು. ಕುಕ್ಕೆಗೆ ಹರಕೆ ಹೊತ್ತವರು, ಬೆಂಗಳೂರಿನ ಆಸ್ಪತ್ರೆಗೆ ತಿಂಗಳಿಗೊಮ್ಮೆ ಹೋಗುವ ಪುತ್ತೂರಿನ ರೋಗಿಗಳು, ರಜೆಗೆ ಊರಿಗೆ ಬರುವ ಹಾಸ್ಟೆಲ್ ಹುಡುಗರು, ಸಕಲೇಶಪುರದಲ್ಲಿ ಹತ್ತಿ ಕೆಳಗಿಳಿಯುವ ತೋಟದ ಕೆಲಸಗಾರರು ಎಲ್ಲರೂ ಮತ್ತೆ ಬಸ್ ಸ್ಟ್ಯಾಂಡಿನ ದಾರಿ ಹಿಡಿದರು.

ಕರಾವಳಿಯವರಿಗೆ ಈ ದಾರಿ ಚೆನ್ನಾಗಿ ಗೊತ್ತು. ಒಂದು ತಲೆಮಾರು ಈ ರೈಲನ್ನು ಕಾಯುತ್ತಲೇ ಬೆಳೆಯಿತು. ಅದಕ್ಕೆ ಕಾರಣ ಹುಡುಕಹೊರಟರೆ ತುಸು ಹಿಂದಕ್ಕೆ ಹೋಗಬೇಕು.

ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ, ಅದೂ ದಕ್ಷಿಣದಿಂದ, ಮಲಬಾರಿನ ಕಡೆಯಿಂದ. ಪೂರ್ವದಲ್ಲಿ ಪಶ್ಚಿಮ ಘಟ್ಟ ಗೋಡೆಯ ಹಾಗೆ ನಿಂತಿತ್ತು. ಹಾಗಾಗಿ ಮಂಗಳೂರಿನವನು ಬೆಂಗಳೂರಿಗೆ ರೈಲಿನಲ್ಲೇ ಹೋಗುತ್ತೇನೆಂದರೆ ಶೋರನೂರು, ಪಾಲಕ್ಕಾಡ್, ಸೇಲಂ, ಜೋಲಾರಪೇಟೆ ಸುತ್ತಬೇಕಿತ್ತು. ರಸ್ತೆಯಲ್ಲಿ 350 ಕಿ.ಮೀ. ಆಸುಪಾಸಿನ ಊರಿಗೆ ಅದರ ಎರಡು ಪಟ್ಟಿಗೂ ಮೀರಿದ ಪ್ರಯಾಣ. 1956ರಲ್ಲಿ ರಾಜ್ಯ ಒಂದಾದ ಮೇಲೂ ಕರಾವಳಿಗೂ ರಾಜಧಾನಿಗೂ ನೇರ ಹಳಿ ಇರಲಿಲ್ಲ. ಅರವತ್ತರ ದಶಕದಲ್ಲಿ ಪಣಂಬೂರಿನಲ್ಲಿ ನವಮಂಗಳೂರು ಬಂದರಿನ ಕೆಲಸ ಶುರುವಾದಾಗಲೇ ಹಾಸನ–ಮಂಗಳೂರು ಮಾರ್ಗಕ್ಕೂ ಜೀವ ಬಂತು. ಬಂದರಿಗೆ ಒಳನಾಡಿನ ಸರಕು ಬೇಕು, ಸರಕಿಗೆ ಹಳಿ ಬೇಕು. ಸುಮಾರು 185 ಕಿ.ಮೀ. ಉದ್ದದ ಈ ಮೀಟರ್‌ಗೇಜ್ ಮಾರ್ಗ ಪೂರ್ತಿಯಾಗಿ ತೆರೆದದ್ದು 1979ರಲ್ಲಿ. ಈ ಹಳಿ ಹುಟ್ಟಿದ್ದೇ ಸರಕಿಗಾಗಿ ಎಂಬುದನ್ನು ಗಮನದಲ್ಲಿಟ್ಟುಕೊಂಡರೆ ಮುಂದಿನ ಕಥೆಯ ಬಹುಭಾಗ ಅರ್ಥವಾಗುತ್ತದೆ.

ಕಟ್ಟಿದ ಜಾಗವಾದರೋ ಸುಲಭದ್ದಲ್ಲ. ಸಕಲೇಶಪುರದಿಂದ ನೆಟ್ಟಣದ ಸುಬ್ರಹ್ಮಣ್ಯ ರೋಡ್ ನಿಲ್ದಾಣಕ್ಕೆ 55 ಕಿ.ಮೀ. ಈ ಅಂತರದಲ್ಲಿ 57 ಸುರಂಗಗಳು, ನೂರಕ್ಕೂ ಹೆಚ್ಚು ಸೇತುವೆಗಳು, ಲೆಕ್ಕಕ್ಕೆ ಸಿಗದಷ್ಟು ತಿರುವುಗಳು. ಪ್ರತಿ 50 ಮೀಟರಿಗೆ ಒಂದು ಮೀಟರ್ ಇಳಿಜಾರು. ಏರುವ ಗಾಡಿಗೆ ಹಿಂದಿನಿಂದ ನೂಕಲು ಬೇರೆ ಎಂಜಿನ್ ಬೇಕು, ಇಳಿಯುವ ಗಾಡಿ ಬ್ರೇಕ್ ಹಿಡಿದುಕೊಂಡೇ ಇಳಿಯಬೇಕು. ದೋಣಿಗಾಲ್, ಕಡಗರವಳ್ಳಿ, ಎಡಕುಮೇರಿ, ಶಿರಿಬಾಗಿಲು. ನಡುವಿನ ನಿಲ್ದಾಣಗಳ ಹೆಸರನ್ನು ಮಕ್ಕಳು ಪದ್ಯದಂತೆ ಹೇಳುತ್ತಿದ್ದ ಕಾಲವೊಂದಿತ್ತು.

1992ರಲ್ಲಿ ದೇಶದ ಹಳಿಗಳನ್ನೆಲ್ಲ ಬ್ರಾಡ್‌ಗೇಜಿಗೆ ಬದಲಿಸುವ ಯೋಜನೆ ಬಂತು. ಆಗ ರೈಲ್ವೆ ಸಚಿವರಾಗಿದ್ದವರು ನಮ್ಮವರೇ ಆದ ಸಿ.ಕೆ. ಜಾಫರ್ ಷರೀಫ್. ಬಯಲುಸೀಮೆಯ ಹಳಿಗಳು ಒಂದೊಂದಾಗಿ ಅಗಲವಾದವು. ತೊಂಬತ್ತರ ದಶಕದ ನಡುವೆ ಹಾಸನ–ಮಂಗಳೂರು ಮಾರ್ಗದಲ್ಲೂ ಪ್ರಯಾಣಿಕರ ಗಾಡಿ ನಿಂತಿತು. ಒಂದೆರಡು ವರ್ಷದ ಮಾತು ಅಂದುಕೊಂಡಿದ್ದವರೇ ಹೆಚ್ಚು. ಆದರೆ ಬಯಲಿನಲ್ಲಿ ಹಳಿ ಬದಲಿಸುವುದಕ್ಕೂ ಘಾಟಿಯಲ್ಲಿ ಬದಲಿಸುವುದಕ್ಕೂ ಅಜಗಜಾಂತರ. ಹಣ ತುಣುಕು ತುಣುಕಾಗಿ ಬಂತು. ಕೆಲಸ ನಡೆಯಿತು, ನಿಂತಿತು, ಮತ್ತೆ ನಡೆಯಿತು. ಹೀಗೆ ಹತ್ತು ವರ್ಷ ದಾಟಿತು.

ಆ ಹತ್ತು ವರ್ಷಗಳಲ್ಲೇ, 1998ರಲ್ಲಿ, ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿತು. ಮಂಗಳೂರಿನಿಂದ ಮುಂಬೈಗೆ ರೈಲು ಬಂತು, ಉಡುಪಿ ಕುಂದಾಪುರದವರಿಗೂ ಮನೆಯ ಹತ್ತಿರವೇ ಆ ರೈಲು ಸಿಕ್ಕಿತು. ತಿರುವನಂತಪುರ, ಚೆನ್ನೈ, ಮುಂಬೈ ಎಲ್ಲಿಗೆ ಬೇಕಾದರೂ ಮಂಗಳೂರಿನಿಂದ ರೈಲಿತ್ತು. ಸ್ವಂತ ರಾಜ್ಯದ ರಾಜಧಾನಿಗೆ ಮಾತ್ರ ನೇರ ಗಾಡಿ ಇರಲಿಲ್ಲ. ಇದನ್ನು ಬರೆಯುವಾಗ ಇವತ್ತಿಗೂ ಮನಸ್ಸು ಕುದಿಯುತ್ತದೆ.

ಆಗ ಜನ ಏನು ಮಾಡಿದರು? ರಾತ್ರಿ ಬಸ್ಸು ಹಿಡಿದರು. ಬೆಂಗಳೂರು–ಮಂಗಳೂರು ರಾತ್ರಿ ಬಸ್ಸಿನ ಇಡೀ ಲೋಕ ಬೆಳೆದದ್ದು ಈ ಖಾಲಿ ಜಾಗದಲ್ಲಿ. ಊಟ ಮುಗಿಸಿ ಒಂಬತ್ತು ಹತ್ತಕ್ಕೆ ಹತ್ತುವುದು, ನಡುರಾತ್ರಿ ಹಾಸನದ ಸುತ್ತಮುತ್ತ ಚಹಾಕ್ಕೆ ಇಳಿಯುವುದು, ಮಾರನಹಳ್ಳಿ ದಾಟಿದ ಮೇಲೆ ಶಿರಾಡಿ ಘಾಟಿಯ ಗುಂಡಿಗಳ ಏಟಿಗೆ ಎಚ್ಚರವಾಗಿ ಗುಂಡ್ಯದವರೆಗೂ ಕಣ್ಣು ಬಿಟ್ಟೇ ಕೂರುವುದು. ಸೊಂಟನೋವಿದ್ದವರು ಮುಂದಿನ ಸೀಟು ಸಿಗುವ ದಿನಕ್ಕೆ ಪ್ರಯಾಣವನ್ನೇ ಮುಂದೂಡುತ್ತಿದ್ದರು. ಬಾಣಂತಿಯನ್ನು ತವರಿಗೆ ಕರೆತರುವವರು ಕಾರು ಗೊತ್ತುಮಾಡಿ ಚಾರ್ಮಾಡಿಯಲ್ಲೋ ಸಂಪಾಜೆಯಲ್ಲೋ ಹಗಲು ಹೊತ್ತು ಇಳಿಯುತ್ತಿದ್ದರು. ಖರ್ಚು ತಾಳದವರು ಬಸ್ಸಿನಲ್ಲೇ, ನಿಂತಾದರೂ ಹೋದರು. ಹಬ್ಬದ ವಾರ ಬಂತೆಂದರೆ ಖಾಸಗಿ ಬಸ್ಸಿನ ದರ ಏರುತ್ತಿತ್ತು, ಹೋಲಿಸಿ ನೋಡಲು ಎದುರಿಗೆ ರೈಲಿನ ದರವೇ ಇರಲಿಲ್ಲ. ಮಗ ಬೆಂಗಳೂರಿನಲ್ಲಿ ಕೆಲಸಕ್ಕಿದ್ದರೂ ವರ್ಷಕ್ಕೆ ಎರಡೇ ಸಲ ಬರುತ್ತಾನೆ ಎಂದು ಹೇಳುವ ಮನೆಗಳು ಕರಾವಳಿಯಲ್ಲಿ ಆಗ ಸಾಕಷ್ಟಿದ್ದವು.

ಪಾಳುಬಿದ್ದ ಹಳಿಯ ಮೇಲೆ ಚಾರಣಿಗರು ಓಡಾಡಿದರು. ಎಡಕುಮೇರಿಯ ಸುರಂಗ, ಸೇತುವೆಗಳ ಫೋಟೊಗಳು ಊರೂರು ತಲುಪಿದವು. ಅವರ ಸಂತೋಷಕ್ಕೆ ನನ್ನ ತಕರಾರಿಲ್ಲ. ಅದೇ ಹೊತ್ತಿಗೆ ಕೆಳಗಿನ ಶಿರಾಡಿ ರಸ್ತೆಯಲ್ಲಿ ಜನ ಲಾರಿಗಳ ಸಾಲಿನ ಹಿಂದೆ ಬೆಳಗು ಕಾಯುತ್ತಿದ್ದರು ಎಂಬುದು ಮಾತ್ರ ಆ ಫೋಟೊಗಳಲ್ಲಿ ಬರಲಿಲ್ಲ.

ಕೆಲಸಕ್ಕೆ ವೇಗ ಬಂದದ್ದು ಮತ್ತೆ ಸರಕಿನಿಂದಲೇ. 2000ದ ನಂತರ ಚೀನಾದಲ್ಲಿ ಕಬ್ಬಿಣದ ಅದಿರಿಗೆ ಬೇಡಿಕೆ ಏರಿ, ಬಳ್ಳಾರಿ ಹೊಸಪೇಟೆಗಳ ಅದಿರು ಲಾರಿಗಳಲ್ಲಿ ತುಂಬಿ ಶಿರಾಡಿ ಇಳಿಯತೊಡಗಿತು. ರಸ್ತೆ ಪುಡಿಪುಡಿಯಾಯಿತು. 2003ರಲ್ಲಿ ರೈಲ್ವೆ, ರಾಜ್ಯ ಸರ್ಕಾರ, ಬಂದರು ಮತ್ತು ಖಾಸಗಿ ಪಾಲುದಾರರು ಸೇರಿ ಹಾಸನ–ಮಂಗಳೂರು ರೈಲು ಅಭಿವೃದ್ಧಿ ಕಂಪನಿ ಕಟ್ಟಿದರು. 2006ರಲ್ಲಿ ಘಾಟಿಯ ಮೂಲಕ ಸರಕು ಗಾಡಿಗಳು ಓಡಿದವು. ಪ್ರಯಾಣಿಕರಿಗೆ ಆಗಲೂ ಬಾಗಿಲು ತೆರೆಯಲಿಲ್ಲ. ಜನರನ್ನು ಕೂರಿಸಿಕೊಂಡು ಹೋಗಬೇಕಾದರೆ ರೈಲ್ವೆ ಸುರಕ್ಷತಾ ಆಯುಕ್ತರ ಒಪ್ಪಿಗೆ ಬೇಕು, ಅಷ್ಟು ಕಡಿದಾದ ಜಾಗದಲ್ಲಿ ಅದು ಇರಲೇಬೇಕಾದ ಎಚ್ಚರ. ಆದರೂ ಕಣ್ಣೆದುರೇ ಅದಿರು ಹೊತ್ತ ಗಾಡಿ ಸಾಗುವಾಗ ನಮ್ಮ ಗಾಡಿ ಯಾವಾಗ ಎಂದು ಕೇಳುತ್ತಾ ನಿಂತವರ ನೋವೂ ಸಣ್ಣದಲ್ಲ. ಮನವಿ, ಧರಣಿ, ಸಂಸತ್ತಿನಲ್ಲಿ ಪ್ರಶ್ನೆ ಎಲ್ಲ ಆಗಿ 2007ರ ಡಿಸೆಂಬರ್‌ನಲ್ಲಿ ಬೆಂಗಳೂರು–ಮಂಗಳೂರು ರಾತ್ರಿ ರೈಲು ಹೊರಟಿತು. ಆಮೇಲೆ ಅದು ಕಣ್ಣೂರಿಗೆ, ಕಾರವಾರಕ್ಕೆ ಮುಂದುವರಿಯಿತು. 2017ರಲ್ಲಿ ಶ್ರವಣಬೆಳಗೊಳದ ಮೇಲೆ ಹಾಸನಕ್ಕೆ ನೇರ ಮಾರ್ಗ ತೆರೆದು ದಾರಿ ಇನ್ನಷ್ಟು ಚಿಕ್ಕದಾಯಿತು.

ಮಾರನೇ ವರ್ಷವೇ ಗುಡ್ಡ ಜರಿಯಿತು.

2018 ಕರಾವಳಿ, ಮಲೆನಾಡು, ಕೊಡಗಿನವರು ಮರೆಯದ ವರ್ಷ. ಜನವರಿಯಿಂದ ಜುಲೈವರೆಗೆ ಶಿರಾಡಿ ರಸ್ತೆ ಕಾಂಕ್ರೀಟ್ ಕೆಲಸಕ್ಕಾಗಿ ಮುಚ್ಚಿತ್ತು. ಅದು ಎರಡನೇ ಹಂತ, ಮೊದಲ ಹಂತಕ್ಕೆ 2015ರಲ್ಲೂ ತಿಂಗಳುಗಟ್ಟಲೆ ಮುಚ್ಚಿದ್ದರು. ಆ ಎರಡೂ ಸಲ ಜನರ ಕೈಹಿಡಿದದ್ದು ರೈಲು. ಜುಲೈನಲ್ಲಿ ರಸ್ತೆ ತೆರೆದು ಒಂದು ತಿಂಗಳಾಗುವಷ್ಟರಲ್ಲಿ, ಆಗಸ್ಟ್ ನಡುವಿನ ಮಹಾಮಳೆಗೆ ಶಿರಾಡಿಯ ಬರೆಗಳು ಕುಸಿದವು. ಮಡಿಕೇರಿ–ಸಂಪಾಜೆ ರಸ್ತೆ ಜೋಡುಪಾಲ, ಮದೆನಾಡಿನ ಬಳಿ ಕೊಚ್ಚಿಹೋಯಿತು. ರೈಲು ಹಳಿಯ ಮೇಲೂ ಹತ್ತಾರು ಕಡೆ ಮಣ್ಣು, ಬಂಡೆ, ಮರ. ಇಕ್ಕಟ್ಟಾದ ಚಾರ್ಮಾಡಿಯ ಮೇಲೆ ಎಲ್ಲ ವಾಹನಗಳ ಭಾರ ಬಿತ್ತು. ರೈಲು ಮತ್ತೆ ಓಡುವ ಹೊತ್ತಿಗೆ ಅಕ್ಟೋಬರ್. ರಸ್ತೆಗೆ ರೈಲು ಆಸರೆ, ರೈಲಿಗೆ ರಸ್ತೆ ಆಸರೆ ಎಂದು ನಂಬಿದ್ದವರಿಗೆ ಎರಡೂ ನಿಂತಿರುವುದು ಅಕ್ಕಪಕ್ಕದ ಗುಡ್ಡಗಳ ಮೇಲೆ, ಒಂದೇ ಮಳೆಯ ಕೆಳಗೆ ಎಂದು ಆ ವರ್ಷ ಗೊತ್ತಾಯಿತು.

ಗುಡ್ಡ ಜರಿಯುವ ಬಗೆ ಇಲ್ಲಿನವರಿಗೆ ಹೊಸತಲ್ಲ. ಮೇಲೆ ದಪ್ಪನೆಯ ಮಣ್ಣು, ಕೆಳಗೆ ಬಂಡೆ. ಹಳಿಗೆ ಜಾಗ ಮಾಡಲು ಬುಡ ಕಡಿದ ಇಳಿಜಾರು ನೀರು ಕುಡಿದು ತೂಕವಾದಾಗ ಬಂಡೆಯ ಮೇಲಿಂದ ಜಾರುತ್ತದೆ. ಮಳೆಗಾಲವಿಡೀ ಗಸ್ತಿನವರು ಟಾರ್ಚ್ ಹಿಡಿದು ಹಳಿಯುದ್ದಕ್ಕೂ ನಡೆಯುತ್ತಾರೆ. ರಾತ್ರಿ ಗಾಡಿಯಲ್ಲಿ ಕಂಬಳಿ ಹೊದ್ದು ಮಲಗಿದವರು ಕ್ಷೇಮವಾಗಿ ಊರು ಸೇರುವುದು ಆ ಕಾಲುಗಳಿಂದ. ಅವರ ಬಗ್ಗೆ ನಾವು ಬರೆದದ್ದು ತೀರಾ ಕಡಿಮೆ.

2024ರ ಜುಲೈ 26ರಂದು ಎಡಕುಮೇರಿ–ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣೇ ಜಾರಿತು. ಅಲ್ಲಿಗೆ ರಸ್ತೆಯಿಲ್ಲ, ಕಲ್ಲು, ಮರಳಿನ ಚೀಲ, ಯಂತ್ರ, ಕೆಲಸಗಾರರು ಎಲ್ಲವೂ ಹಳಿಯ ಮೇಲೇ ಹೋಗಬೇಕು. ಸುರಿಯುವ ಮಳೆಯಲ್ಲಿ ಹಗಲುರಾತ್ರಿ ದುಡಿದು ಆಗಸ್ಟ್ ಮೊದಲಲ್ಲಿ ಸರಕು ಗಾಡಿ ಬಿಟ್ಟು ನೋಡಿ, ಆಮೇಲೆ ಪ್ರಯಾಣಿಕರ ಗಾಡಿ ಬಿಟ್ಟರು. ಕೆಲವೇ ದಿನದಲ್ಲಿ ಸಕಲೇಶಪುರ–ಬಾಳ್ಳುಪೇಟೆ ನಡುವೆ ಮತ್ತೆ ಮಣ್ಣು ಬಿದ್ದು ಗಾಡಿಗಳು ನಡುದಾರಿಯಲ್ಲಿ ನಿಂತವು. ಸಿಕ್ಕಿಬಿದ್ದವರನ್ನು ಕೆಎಸ್‌ಆರ್‌ಟಿಸಿ ಬಸ್ಸುಗಳಲ್ಲಿ ಊರು ಮುಟ್ಟಿಸಿದರು. ಆ ದಿನಗಳಲ್ಲಿ ಕೆಲವು ಗಾಡಿಗಳನ್ನು ಶೋರನೂರು, ಸೇಲಂ ಸುತ್ತಿಸಿದರು. ಅಜ್ಜಂದಿರ ಕಾಲದ ಅದೇ ದಾರಿ.

ಆಪತ್ತಿನಲ್ಲಿ ಬಸ್ಸು ಬಂತು. ಮೊದಲೇ ತಿಳಿದಿದ್ದ ಮುಚ್ಚುವಿಕೆಗೆ ಹೀಗೆ ಬಸ್ಸು ಗೊತ್ತುಮಾಡುವುದು ಕಷ್ಟವೇ? 2025ರ ಕೆಲಸ ತಿಂಗಳುಗಟ್ಟಲೆ ಹಿಡಿಯುತ್ತದೆಂದು ತಂತಿ ಎಳೆಯುವವರಿಗೆ ಗೊತ್ತಿತ್ತು. ಕೆಲಸ ಬೇಕಾದದ್ದೇ. ಡೀಸೆಲ್ ಎಂಜಿನ್ನಿನ ಹೊಗೆ ತಪ್ಪುತ್ತದೆ, ಏರಿಗೆ ಬಲ ಸಿಗುತ್ತದೆ, ಮಂಗಳೂರಿಗೆ ವೇಗದ ಗಾಡಿ ಬರುವ ಆಸೆಗೂ ದಾರಿಯಾಗುತ್ತದೆ. ಆದರೆ ಪ್ರಯಾಣಿಕ ಯಾರನ್ನು ಕೇಳಬೇಕು? ಮಂಗಳೂರಿನ ನಿಲ್ದಾಣಗಳು ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗದವು, ಘಾಟಿ ನೈರುತ್ಯ ರೈಲ್ವೆಯ ಮೈಸೂರು ವಿಭಾಗದ್ದು, ತೋಕೂರಿನಿಂದಾಚೆ ಕೊಂಕಣ ರೈಲ್ವೆ, ಬಸ್ಸು ರಾಜ್ಯ ಸರ್ಕಾರದ್ದು. ಬೆಂಗಳೂರಿನಲ್ಲಿ ಹತ್ತಿ ಕುಮಟಾದಲ್ಲಿ ಇಳಿಯುವ ಒಬ್ಬ ಅಜ್ಜಿ ಒಂದು ರಾತ್ರಿಯಲ್ಲಿ ಮೂರು ಆಡಳಿತಗಳನ್ನು ದಾಟುತ್ತಾಳೆ. ಗಾಡಿ ರದ್ದಾದರೆ ಅವಳಿಗೆ ಟಿಕೆಟ್ಟಿನ ಹಣ ಮರಳುತ್ತದೆ, ಬದಲಿ ದಾರಿ ಹೇಳುವುದು ಯಾರ ಹೊಣೆಯೂ ಆಗುವುದಿಲ್ಲ.

ಮಾಡಬಹುದಾದದ್ದು ದೊಡ್ಡದೇನಲ್ಲ. ರದ್ದಾದ ಗಾಡಿಗಳ ಪಟ್ಟಿ ಹೊರಡಿಸುವ ದಿನವೇ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ಗೆ ಬದಲಿ ಬಸ್ಸಿನ ವೇಳಾಪಟ್ಟಿಯೂ ಹೊರಡಬೇಕು. ಮೇಲಿನವರೆಗೆ ಒಂದು ಗಾಡಿ, ಕೆಳಗಿನಿಂದ ಇನ್ನೊಂದು ಗಾಡಿ, ನಡುವೆ ಘಾಟಿಗೆ ಬಸ್ಸು, ಎಲ್ಲಕ್ಕೂ ಒಂದೇ ಟಿಕೆಟ್ಟು. ಮಳೆ, ಗುಡ್ಡ, ತಂತಿ, ಏನೇ ಕಾರಣಕ್ಕೆ ಈ ಹಳಿ ಮುಚ್ಚಿದರೂ ನಡೆಯಬಹುದಾದ ಏರ್ಪಾಡು ಇದು. ಹಳಿ ದುರಸ್ತಿಯ ಅಂದಾಜುಪಟ್ಟಿಯಲ್ಲಿ ಜಲ್ಲಿಗೂ ಸಿಮೆಂಟಿಗೂ ಸಾಲುಗಳಿರುವ ಹಾಗೆ ಆ ಬಸ್ಸುಗಳ ಡೀಸೆಲ್ಲಿಗೂ ಒಂದು ಸಾಲು ಬೇಕು.